ಬೆಟ್ಟದ ಅಪ್ಪಣೆ

ಫಿಲಿಪೀನ್ಸಿನ ಹಳ್ಳಿಗಾಡಿನಲ್ಲಿ ಒಂದು ಹಳೆಯ ರೂಢಿಯಿದೆ. ಹುತ್ತ, ಪೊದೆ, ದೊಡ್ಡ ಮರಗಳ ಪಕ್ಕದಲ್ಲಿ ಹಾದುಹೋಗುವವರು ಮೆಲುದನಿಯಲ್ಲಿ ‘ತಾಬಿ-ತಾಬಿ ಪೋ’ ಎನ್ನುತ್ತಾರೆ. ‘ತುಸು ಸರಿಯಿರಿ, ದಾಟಿಕೊಳ್ಳುತ್ತೇವೆ’ ಎಂದು ಅದರ ಭಾವ. ಕೊನೆಯ ‘ಪೋ’ ಮರ್ಯಾದೆಯ ಮಾತು. ಕನ್ನಡದ ‘ರೀ’ ಇದ್ದ ಹಾಗೆ. ಮಾತು ಕೇಳಿಸಿಕೊಳ್ಳುವವರು ಕಣ್ಣಿಗೆ ಕಾಣುವುದಿಲ್ಲ. ಆದರೂ ಹೇಳಿಯೇ ಕಾಲಿಡಬೇಕು. ಜಾಗ ಅವರದು, ನಡೆಯುವವರು ಹೊರಗಿನವರು.

ಇಷ್ಟು ಸಂಕೋಚದ ಜನ ತಾವು ದೇವರೆಂದೇ ನಂಬಿದ ಬೆಟ್ಟವನ್ನು ತಾವೇ ತುಳಿದು ಹಾಳು ಮಾಡಿಕೊಂಡದ್ದು ಹೇಗೆ? ಉತ್ತರ ಬೇಕಾದವರು ಡೊಲೊರೆಸ್‌ಗೆ ಹೋಗಬೇಕು.

ಡೊಲೊರೆಸ್ ಕೆಸೋನ್ ಪ್ರಾಂತ್ಯದ ಒಂದು ಬೇಸಾಯದ ಊರು. ಮನಿಲಾದಿಂದ ದಕ್ಷಿಣಕ್ಕೆ ಹೊರಟರೆ ಮೊದಲು ಕಲಂಬಾ ಸಿಗುತ್ತದೆ. ರಾಷ್ಟ್ರವೀರ ಹೊಸೆ ರಿಸಾಲ್ 1861ರಲ್ಲಿ ಹುಟ್ಟಿದ್ದು ಅಲ್ಲಿಯೇ. ಅದನ್ನು ದಾಟುತ್ತಿದ್ದಂತೆ ಎಡಕ್ಕೆ ಮಾಕಿಲಿಂಗ್ ಬೆಟ್ಟ, ಅದರ ಬುಡದಲ್ಲಿ ಲೋಸ್ ಬಾನ್ಯೋಸ್. ಈ ಹೆಸರನ್ನು ಕೇಳದ ಕರ್ನಾಟಕದ ರೈತರೂ ಅಲ್ಲಿಂದ ಬಂದದ್ದನ್ನು ಬಲ್ಲರು. ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ 1960ರಲ್ಲಿ ಸ್ಥಾಪನೆಯಾದದ್ದು ಅಲ್ಲಿ. 1966ರಲ್ಲಿ ಹೊರಬಂದ ಐ.ಆರ್. 8 ಭತ್ತ, ಮುಂದೆ ಐ.ಆರ್. 64 ಎಲ್ಲ ಹುಟ್ಟಿದ್ದು ಆ ಬೆಟ್ಟದ ನೆರಳಿನ ಗದ್ದೆಗಳಲ್ಲಿ.

ಏಳು ಕೆರೆಗಳ ಊರೆಂದು ಹೆಸರಾದ ಸಾನ್ ಪಾಬ್ಲೋದಲ್ಲಿ ಬಸ್ಸಿಳಿದು ಜೀಪ್ನಿ ಹತ್ತಬೇಕು. ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕದ ಸೈನ್ಯ ಬಿಟ್ಟುಹೋದ ಜೀಪುಗಳನ್ನು ಉದ್ದ ಮಾಡಿ, ಬಣ್ಣ ಬಳಿದು ಜನ ಕಟ್ಟಿಕೊಂಡ ಗಾಡಿ ಇದು. ಹಿಂದಿನ ತುದಿಯಲ್ಲಿ ಕೂತವರ ಚಾರ್ಜು ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿ ಚಾಲಕನನ್ನು ತಲುಪುತ್ತದೆ. ಚಿಲ್ಲರೆಯೂ ಹಾಗೆಯೇ ಹಿಂದಕ್ಕೆ ಬರುತ್ತದೆ.

ರಸ್ತೆ ಏರುತ್ತಾ ಹೋದಂತೆ ಎರಡೂ ಬದಿಗೆ ತೆಂಗು. ದೇಶದಲ್ಲೇ ಹೆಚ್ಚು ತೆಂಗು ಬೆಳೆಯುವ ಪ್ರಾಂತ್ಯಗಳಲ್ಲಿ ಕೆಸೋನ್ ಒಂದು. ತೆಂಗಿನ ಕೆಳಗೆ ಬಾಳೆ, ಕಾಫಿ, ರಂಬುಟಾನ್, ಗೊಂಚಲು ಗೊಂಚಲಾಗಿ ಬಿಡುವ ಲಾನ್ಸೋನೆಸ್ ಹಣ್ಣು. ಇನ್ನೂ ಮೇಲಕ್ಕೆ ತರಕಾರಿ ಹೊಲಗಳು. ಕಾಲ ಸರಿದರೂ ಎಮ್ಮೆ, ಕೋಣಗಳು ಇಲ್ಲಿನ ಬೇಸಾಯದಿಂದ ಪೂರ್ತಿ ಮರೆಯಾಗಿಲ್ಲ.

ಊರಿನ ಪೂರ್ವಕ್ಕೆ ಬನಹಾವ್, 2,170 ಮೀಟರ್ ಎತ್ತರದ ಜ್ವಾಲಾಮುಖಿ. ಇನ್ನೊಂದು ಕಡೆಗೆ ಅದಕ್ಕಿಂತ ಗಿಡ್ಡನೆಯ ಸಾನ್ ಕ್ರಿಸ್ಟೋಬಾಲ್. ಜನರ ಲೆಕ್ಕದಲ್ಲಿ ಮೊದಲನೆಯದು ದೇವರ ಬೆಟ್ಟ, ಎರಡನೆಯದು ದೆವ್ವದ ಬೆಟ್ಟ. ಎರಡರ ನಡುವೆ ಸಂಸಾರ ಹೂಡಿರುವ ಊರಿಗೆ ಶೋಕಮಾತೆ ಮರಿಯಳ ಹೆಸರು. ಸ್ಪ್ಯಾನಿಷ್ ಭಾಷೆಯಲ್ಲಿ ‘ಡೊಲೊರೆಸ್’ ಎಂದರೆ ನೋವುಗಳು. ಬೆಟ್ಟದ ಕಡೆಗೆ ಸರಿದರೆ ಸಿಗುವ ಹಳ್ಳಿ ಕಿನಬುಹಾಯನ್. ‘ಬುಹಾಯ್’ ಎಂದರೆ ಜೀವ. ಸತ್ತ ಜೀವ ಮರಳಿ ಎದ್ದ ಜಾಗ ಅದು ಎಂಬ ನಂಬಿಕೆಯಿಂದ ಬಂದ ಹೆಸರು. ನೋವಿನ ಊರಿನಿಂದ ಪುನರ್ಜೀವದ ಹಳ್ಳಿಗೆ ದಾರಿ ಬಹಳ ದೂರವೇನಿಲ್ಲ.

ಕಿನಬುಹಾಯನ್ ಮತ್ತು ಪಕ್ಕದ ಸಾಂತಾ ಲುಸಿಯಾ ಹಳ್ಳಿಗಳ ಸುತ್ತ ‘ಪುವೆಸ್ತೊ’ಗಳಿವೆ. ಗುಡಿಯಲ್ಲ, ಚರ್ಚಲ್ಲ. ಒಂದು ಬಂಡೆ, ಒಂದು ಗವಿ, ಒಂದು ಝರಿ, ಅಷ್ಟೇ. ಎಲ್ಲಕ್ಕೂ ಬೈಬಲ್ಲಿನ ನಂಟು. ತೊರೆಯ ಕಲ್ಲಿನಲ್ಲಿ ಕ್ರಿಸ್ತನ ಹೆಜ್ಜೆ ಗುರುತು ಇದೆಯೆನ್ನುತ್ತಾರೆ. ‘ಹುಸ್ಗಾಡೊ’ ಎಂಬ ಗವಿಗೆ ನ್ಯಾಯಾಲಯವೆಂದೇ ಅರ್ಥ. ಇಕ್ಕಟ್ಟಿನ ಕಿಂಡಿಯಲ್ಲಿ ತೆವಳಿಕೊಂಡು ಹೊರಬರಬೇಕು. ಪಾಪಿಗಳು ಸಿಕ್ಕಿಕೊಳ್ಳುತ್ತಾರೆಂದು ಪ್ರತೀತಿ. ಮೈ ತೆಳ್ಳಗಿದ್ದವರು ಸಲೀಸಾಗಿ ಪುಣ್ಯವಂತರಾಗುತ್ತಾರೆ ಎಂದು ನಗುವವರು ನಗಬಹುದು. ಒಳಗೆ ಹೊಕ್ಕ ಮೇಲೆ, ಕತ್ತಲಲ್ಲಿ ಭುಜ ಕಲ್ಲಿಗೆ ತಾಗಿದಾಗ, ಆ ನಗು ಉಳಿದಿರುವುದು ಕಷ್ಟ.

ಬೆಟ್ಟಕ್ಕೆ ಈ ಮಹಿಮೆ ಬಂದದ್ದರ ಹಿಂದೆ ಅವಮಾನದ ಕಥೆಯೂ ಇದೆ. ಬನಹಾವ್‌ನ ಇನ್ನೊಂದು ಮಗ್ಗುಲಿನ ಲುಕ್ಬಾನ್ ಊರಿನಲ್ಲಿ 1815ರಲ್ಲಿ ಹುಟ್ಟಿದ ಅಪೊಲಿನಾರಿಯೊ ದೆ ಲಾ ಕ್ರೂಸ್ ಪಾದ್ರಿಗಳ ಮಠ ಸೇರಬಯಸಿದ. ಸ್ಥಳೀಯನೆಂಬ ಒಂದೇ ಕಾರಣಕ್ಕೆ ಸ್ಪೇನಿನವರ ಮಠದ ಬಾಗಿಲು ತೆರೆಯಲಿಲ್ಲ. ಆತ 1832ರಲ್ಲಿ ತನ್ನವರಿಗಾಗಿ ಸಂತ ಜೋಸೆಫರ ಹೆಸರಿನಲ್ಲಿ ಒಂದು ಭಕ್ತ ಬಳಗ ಕಟ್ಟಿದ. ‘ಹೆರ್ಮಾನೊ ಪುಲೆ’, ಅಂದರೆ ಪುಲೆಯಣ್ಣ, ಎಂದು ಜನ ಹಿಂದೆ ಬಂದರು. ಸರ್ಕಾರಕ್ಕೆ ಅದು ದಂಗೆಯಾಗಿ ಕಂಡಿತು. 1841ರ ನವೆಂಬರಿನಲ್ಲಿ ಸೈನ್ಯ ಬಂದು ಬಳಗವನ್ನು ಕೊಚ್ಚಿಹಾಕಿತು. ಇಪ್ಪತ್ತಾರರ ಪುಲೆಗೆ ಮರಣದಂಡನೆಯಾಯಿತು. ಉಳಿದುಕೊಂಡವರು ಬನಹಾವ್‌ನ ಕಾಡು ಹೊಕ್ಕರು. ಊರು ಕೈಬಿಟ್ಟವರನ್ನು ಬೆಟ್ಟ ಇಟ್ಟುಕೊಂಡಿತು. 1896ರಲ್ಲಿ ಸ್ಪೇನಿನವರು ಗುಂಡಿಕ್ಕಿ ಕೊಂದ ರಿಸಾಲ್‌ನನ್ನೇ ದೇವಾಂಶವೆಂದು ಪೂಜಿಸುವ ಪಂಥಗಳೂ ಮುಂದೆ ಇಲ್ಲಿ ನೆಲೆಯೂರಿದವು. ರೋಮಿನ ಚರ್ಚು ಹೆಂಗಸರಿಗೆ ಪಾದ್ರಿಯ ಪಟ್ಟ ಕೊಡುವುದಿಲ್ಲ. ಸಾಂತಾ ಲುಸಿಯಾದ ‘ಸಿಯುದಾದ್ ಮಿಸ್ತಿಕಾ’ ಪಂಥದಲ್ಲಿ ಪೂಜೆ ನಡೆಸುವವರೇ ಹೆಂಗಸರು.

ಹೀಗೆ ಬೆಟ್ಟ ಎಲ್ಲರದಾಯಿತು. ಎಲ್ಲರದಾದದ್ದು ಯಾರದೂ ಅಲ್ಲದಂತಾಗಲು ಎಷ್ಟು ಹೊತ್ತು? ಈಸ್ಟರ್‌ಗೆ ಮುಂಚಿನ ಪವಿತ್ರ ವಾರದಲ್ಲಿ ಸಾವಿರಾರು ಜನ ಬರತೊಡಗಿದರು. ಹರಕೆಯವರ ಜೊತೆ ಚಾರಣದವರೂ ಸೇರಿದರು. ಮೇಣದ ಬತ್ತಿ ಹಚ್ಚಿದರು, ಒಲೆ ಹೂಡಿದರು, ಝರಿಯಲ್ಲಿ ಮಿಂದರು, ಬಂಡೆಗಳ ಮೇಲೆ ಹೆಸರು ಬರೆದರು. ಇಳಿಯುವಾಗ ಪಾಪವನ್ನು ಮಾತ್ರವಲ್ಲ, ತಂದದ್ದನ್ನೆಲ್ಲ ಮೇಲೆಯೇ ಬಿಟ್ಟು ಬಂದರು. ಪ್ಲಾಸ್ಟಿಕ್, ಡಬ್ಬಿ, ಹರಕು ಬಟ್ಟೆ, ಮಲಮೂತ್ರ ಎಲ್ಲ ಸೇರಿದ್ದು ತೊರೆಗೆ. ಆ ತೊರೆಗಳೇ ಕೆಳಗಿನವರ ಕುಡಿಯುವ ನೀರು, ಹೊಲದ ನೀರು.

ಕೊನೆಗೆ 2004ರಲ್ಲಿ ಅಧಿಕಾರಿಗಳು ಬೆಟ್ಟದ ಮೇಲಿನ ಹಾದಿಯನ್ನು ಮುಚ್ಚಿದರು. ಕೆಲವು ವರ್ಷಗಳಿಗೆಂದು ಆರಂಭವಾದ ನಿಷೇಧ ಮತ್ತೆ ಮತ್ತೆ ಮುಂದುವರಿಯಿತು. 2009ರಲ್ಲಿ ಕಾನೂನೇ ಬಂದು, ಎರಡೂ ಬೆಟ್ಟಗಳನ್ನು ಒಳಗೊಂಡ ಸುಮಾರು 10,900 ಹೆಕ್ಟೇರ್ ಸಂರಕ್ಷಿತ ಪ್ರದೇಶವಾಯಿತು. ದೇವರ ಬೆಟ್ಟಕ್ಕೂ ದೆವ್ವದ ಬೆಟ್ಟಕ್ಕೂ ಒಂದೇ ಕಾನೂನು! ಬುಡದ ಪುವೆಸ್ತೊಗಳಿಗೆ ಮಾತ್ರ ಭಕ್ತರ ದಾರಿ ಉಳಿಯಿತು.

ಇದರಿಂದ ಎಲ್ಲರೂ ಸುಖಪಟ್ಟರೆಂದಲ್ಲ. ಶಿಖರದವರೆಗೆ ಹೋಗದೆ ಯಾತ್ರೆ ಮುಗಿಯುವುದೆಂತು ಎಂಬುದು ಭಕ್ತನ ಸಂಕಟ. ಸ್ವಂತ ನೆಲ ಕಡಿಮೆಯಿರುವ ರೈತನಿಗೆ ಹೊರೆ ಹೊತ್ತು, ದಾರಿ ತೋರಿಸಿ ಸಿಗುತ್ತಿದ್ದ ನಾಲ್ಕು ಕಾಸು ಸಣ್ಣದಲ್ಲ. ತೆಂಗಿನ ಬೆಲೆ ಬಿದ್ದ ವರ್ಷ ಆ ಕಾಸೇ ಮನೆಯ ಅಕ್ಕಿ. ಇತ್ತ ನೀರು ಕೆಟ್ಟರೆ ಅದೇ ರೈತನ ಹೊಲ ಕೆಡುತ್ತದೆ. ಯಾತ್ರಿಕ ಬಾರದಿದ್ದರೂ ನಷ್ಟ, ಬಂದರೂ ನಷ್ಟ. ಇಂಥ ಲೆಕ್ಕವನ್ನು ಮನಿಲಾದ ಕಚೇರಿಯಲ್ಲಿ ಕೂತು ಬಿಡಿಸಲಾಗದು.

ನಿಷೇಧವಿದ್ದರೂ ಕದ್ದು ಹತ್ತುವವರು ತಪ್ಪಲಿಲ್ಲ. 2014ರ ಮಾರ್ಚಿನಲ್ಲಿ ಶಿಖರದ ಬಳಿ ಕಾಡಿಗೆ ಬೆಂಕಿ ಬಿದ್ದಾಗ ಅನುಮಾನ ಹೋದದ್ದು ಹಾಗೆ ಹತ್ತಿದವರ ಮೇಲೆಯೇ. ಆದರೆ ಮನುಷ್ಯರ ಕಾಲು ತಪ್ಪಿದ ಕಡೆ ಹಸಿರು ಮರಳಲು ಯಾರ ಸಹಾಯವೂ ಬೇಕಾಗುವುದಿಲ್ಲ. ಹೊತ್ತು ಬೇಕು, ಅಷ್ಟೇ. ಹೊತ್ತು ಕೊಡುವುದೇ ಮನುಷ್ಯರಿಗೆ ಕಷ್ಟ.

ಡೊಲೊರೆಸ್‌ಗೆ ಹೋಗುವವರು ಅಂದವಾದ ಊರು ನೋಡಿದೆವೆಂದು ಹಿಂತಿರುಗಬಹುದು; ತಪ್ಪಿಲ್ಲ. ಬುಡದ ಝರಿಯ ಬಳಿ ಸ್ವಲ್ಪ ಹೊತ್ತು ಕೂತರೆ ಇನ್ನೊಂದು ನೋಟವೂ ಸಿಗುತ್ತದೆ. ಮಿಂದು ಪ್ರಾರ್ಥಿಸಿದ ಯಾತ್ರಿಕರು ಮನೆಯ ರೋಗಿಗಳಿಗೆಂದು ಬೆಟ್ಟದ ನೀರನ್ನು ಪ್ಲಾಸ್ಟಿಕ್ ಬಾಟಲಿಗಳಲ್ಲಿ ತುಂಬಿಸಿಕೊಳ್ಳುತ್ತಾರೆ. ತುಂಬಿದ ಬಾಟಲಿಯನ್ನು ಯಾರೂ ಅಲ್ಲಿ ಬಿಡುವುದಿಲ್ಲ. ಮಗುವಿನಂತೆ ಎದೆಗೊತ್ತಿಕೊಂಡು ಜೀಪ್ನಿ ಹತ್ತುತ್ತಾರೆ. ಬರುವಾಗ ಕುಡಿದು ಮುಗಿಸಿದ ಖಾಲಿ ಬಾಟಲಿಗೂ ಅದೇ ಮರ್ಯಾದೆ ಸಿಕ್ಕಿದ್ದರೆ ಬೆಟ್ಟದ ಬಾಗಿಲು ಹಾಕುವ ಪ್ರಮೇಯವೇ ಬರುತ್ತಿರಲಿಲ್ಲ.