ಒಂದು ಪದಕ್ಕೆ ಮೂರು ವಾರ

‘ತಿರಸ್ಕೃತ’ ಎಂಬ ಪದವನ್ನು ಪರದೆಯ ಮೇಲೆ ಹಾಕಿದವನು ನಾನೇ. ಕಚೇರಿಯೊಂದಕ್ಕೆ ಸಾಫ್ಟ್‌ವೇರ್ ಮಾಡುತ್ತಿದ್ದೆವು. ಅರ್ಜಿ ಯಾರ ಮೇಜಿನಿಂದ ಯಾರ ಮೇಜಿಗೆ ಹೋಗಿ ಎಲ್ಲಿ ಸಹಿಯಾಗಬೇಕು ಎಂಬ ದಾರಿ, ಅಂದರೆ ವರ್ಕ್‌ಫ್ಲೋ. ಒಂದೇ ಒಂದು ದಾಖಲೆ ಕಡಿಮೆಯಿದ್ದರೂ ಅರ್ಜಿದಾರರಿಗೆ ಕಾಣುತ್ತಿದ್ದದ್ದು ಆ ಪದ. ಓದಿದವರು ಕಥೆ ಮುಗಿಯಿತೆಂದು ಮನೆಗೆ ಹೋಗುತ್ತಿದ್ದರು. “ಇದು ತಿರಸ್ಕಾರ ಅಲ್ಲ ಸಾರ್, ವಾಪಸ್ ಕಳಿಸೋದು. ಕಾಗದ ತಂದ್ರೆ ಮುಂದಕ್ಕೆ ಹೋಗುತ್ತೆ” ಎಂದು ಅಲ್ಲಿನ ಕ್ಲರ್ಕ್ ಮೇಡಂ ಮೊದಲ ವಾರವೇ ಹೇಳಿದರು. ಪದ ಬದಲಿಸಿ, ವಾಪಸಿನ ದಾರಿ ಸೇರಿಸಲು ನಮಗೆ ಮೂರು ವಾರ ಹಿಡಿಯಿತು. ಪದ ಒಂದು ಕಡೆ, ನಿಯಮ ಇನ್ನೊಂದು ಕಡೆ, ಬಟನ್ ಮತ್ತೊಂದು ಕಡೆ ಕೋಡಿನೊಳಗೆ ಹೂತುಹೋಗಿದ್ದವು. ಆ ಮೂರು ವಾರಕ್ಕೂ ನನಗೆ ಸಂಬಳ ಬಂತು.

ಹಾಗಾಗಿ, ಇಂಥದ್ದನ್ನು ಕಟ್ಟುವುದು ಸುಲಭವಾದರೆ ಗುಣಮಟ್ಟ ಕೆಡುತ್ತದೆಂದು ನನ್ನ ಕಸುಬಿನವರು ಹೇಳಿದರೆ ನಾನು ನಂಬುವುದಿಲ್ಲ. 1979ರಲ್ಲಿ ವಿಸಿಕ್ಯಾಲ್ಕ್ ಬಂದ ಮೇಲೆ ಲೆಕ್ಕದವರು ತಮ್ಮ ಸೂತ್ರಗಳನ್ನು ತಾವೇ ಬರೆದು ತಾವೇ ತಿದ್ದಿಕೊಂಡರು. ತಪ್ಪುಗಳಾದವು, ಈಗಲೂ ಆಗುತ್ತವೆ. ಅದಕ್ಕೆಂದು ಯಾರೂ ಅವರಿಂದ ಎಕ್ಸೆಲ್ ಕಿತ್ತುಕೊಂಡಿಲ್ಲ. ಬಟನ್ನನ್ನು ಎಳೆದು ತಂದು ಪರದೆಯ ಮೇಲಿಡುವ ವಿದ್ಯೆಯೂ ಹೊಸದಲ್ಲ. 1987ರ ಹೈಪರ್‌ಕಾರ್ಡ್, 1991ರ ವಿಷುಯಲ್ ಬೇಸಿಕ್ ಅದನ್ನೇ ಮಾಡಿದ್ದವು.

ಸುಲಭ ಎಂದು ಮಾರುವುದೆಲ್ಲ ಸುಲಭವಲ್ಲ, ಅದೂ ನಿಜ. ಕೆಲಸದ ದಾರಿಯನ್ನು ಚೌಕ, ಬಾಣಗಳಲ್ಲಿ ಬರೆಯುವ ಬಿಪಿಎಂಎನ್ ಎಂಬ ಪದ್ಧತಿಯಿದೆ. ಕಚೇರಿಯವರೂ ಪ್ರೋಗ್ರಾಮರುಗಳೂ ಒಂದೇ ಚಿತ್ರ ಓದಲಿ ಎಂಬುದು ಅದರ ಆಶಯ. 2011ರ ಎರಡನೇ ಆವೃತ್ತಿಯ ವಿವರಣೆ 500 ಪುಟ ದಾಟುತ್ತದೆ! ಆ ಮೇಡಂ ಅದನ್ನು ಓದಬೇಕೆ? ಅವರಿಗೆ ಬೇಕಿದ್ದದ್ದು ಪರದೆಯ ಮಾತನ್ನು ತಾವೇ ತಿದ್ದುವ ಅಧಿಕಾರ. ಜೊತೆಗೆ, ಹೊಸ ಬಾಣವೊಂದನ್ನು ಎಳೆದು, ಹತ್ತು ಹಳೆಯ ಅರ್ಜಿಗಳನ್ನು ಅದರಲ್ಲಿ ಓಡಿಸಿ ನೋಡಲು ಒಂದು ಜಾಗ. ಯಾರ ಅರ್ಜಿ ಯಾರಿಗೆ ಕಾಣಬೇಕು, ಯಾರು ಯಾವಾಗ ಏನು ಬದಲಿಸಿದರೆಂಬ ದಾಖಲೆ ಅಳಿಯದಂತೆ ಹೇಗೆ ಕಾಯಬೇಕು ಎಂಬುದು ಪ್ರೋಗ್ರಾಮರುಗಳ ಕೈಯಲ್ಲೇ ಇರಲಿ. ಅದು ಕಷ್ಟದ ಕೆಲಸ, ಸಂಬಳಕ್ಕೆ ತಕ್ಕದ್ದು.

ಸಾಹಿತ್ಯ ಓದುವವರ ಮುಂದೆ ಇದೆಲ್ಲ ಯಾಕೆ ಎನ್ನಬಹುದು. ಇಂಗ್ಲಿಷಿನ ರಿಜೆಕ್ಟೆಡ್ ಅನ್ನು ನಾನು ನಿಘಂಟು ನೋಡಿ ಕನ್ನಡಕ್ಕೆ ತಂದಿದ್ದೆ. ದಿನವೂ ಜನರ ಮುಖ ನೋಡುತ್ತಿದ್ದ ಮೇಡಂಗೆ ಅದು ಎಂಥ ಪದವೆಂದು ಗೊತ್ತಿತ್ತು. ಈಗ ಅಲ್ಲಿ ‘ಇನ್ನೊಂದು ದಾಖಲೆ ತನ್ನಿ’ ಎಂದಿದೆ. ಮಾತು ಅವರದು. ಟೈಪ್ ಮಾಡಲು ಮಾತ್ರ ಮತ್ತೆ ನಾನೇ ಬೇಕಾಯಿತು.