ಲೆಕ್ಕಕ್ಕೆ ಬಾರದ ಹಿಂಸೆ

2025ರ ಜನವರಿ 16ರಂದು ಕೇಂದ್ರ ಸಚಿವ ಸಂಪುಟವು ಶ್ರೀಹರಿಕೋಟದಲ್ಲಿ ಮೂರನೆಯ ಉಡಾವಣಾ ವೇದಿಕೆ ನಿರ್ಮಿಸಲು 3,984.86 ಕೋಟಿ ರೂಪಾಯಿಗಳಿಗೆ ಮಂಜೂರಾತಿ ನೀಡಿತು. ಆ ದ್ವೀಪದ ಪೂರ್ವಕ್ಕೆ ಬಂಗಾಳ ಕೊಲ್ಲಿ. ಪಶ್ಚಿಮಕ್ಕೆ ರಾಜಹಂಸಗಳು ಬಂದಿಳಿಯುವ ಪುಲಿಕಾಟ್ ಸರೋವರ. ದೇಶಕಾರ್ಯದಲ್ಲಿ ಜೀವಹಿಂಸೆಯನ್ನು ಎಣಿಸಬಾರದೆನ್ನುವವರು ಶ್ರಾವಕರಲ್ಲಿಯೂ ಇದ್ದಾರೆ. ಈ ಮಾತು ಧರ್ಮಸಮ್ಮತವಲ್ಲ.

ಗೃಹಸ್ಥನ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಲಾಗಿದೆ. ಸಂಕಲ್ಪಿ ಹಿಂಸೆ ಸರ್ವಥಾ ತ್ಯಾಜ್ಯ. ಉಳಿದವು ಅನಿವಾರ್ಯವಾದರೂ ಪರಿಮಿತವಾಗಿರತಕ್ಕದ್ದು. ಅನಿವಾರ್ಯವೆಂದ ಮಾತ್ರಕ್ಕೆ ಹಿಂಸೆ ಅಹಿಂಸೆಯಾಗದು.

ಉಪಗ್ರಹಗಳು ನೀಡುವ ಚಂಡಮಾರುತದ ಮುನ್ಸೂಚನೆಯಿಂದ ಅನೇಕ ಪ್ರಾಣಗಳು ಉಳಿದಿವೆ. ಕಾವಲಿನ ದೆಸೆಯಿಂದ ದ್ವೀಪದ ಕಾಡೂ ಉಳಿದಿದೆ. ಇದು ಜಮೆ. ಯಾನಾದಿ ಜನರು ಆ ನೆಲೆಯನ್ನು ಕಳೆದುಕೊಂಡದ್ದು, ಘನ ಇಂಧನ ಉರಿದಾಗ ಹೈಡ್ರೋಜನ್ ಕ್ಲೋರೈಡ್ ಹೊರಬೀಳುವುದು, ಇವು ಖರ್ಚು. ಜಮೆಯನ್ನಷ್ಟೇ ಬರೆದ ಖಾತೆಯನ್ನು ಯಾವ ವರ್ತಕನೂ ಒಪ್ಪಲಾರನು. ವೇದಿಕೆಯೇ ಬೇಡವೆಂದಲ್ಲ, ಹಕ್ಕಿಗಳು ಬಂದಿಳಿಯುವ ತಿಂಗಳುಗಳಲ್ಲಿ ಉಡಾವಣೆಗೆ ಮಿತಿಯಿರಲಿ, ಸರೋವರದ ನೀರಿನ ಪರೀಕ್ಷೆಯ ಫಲಿತಾಂಶ ಪ್ರತಿವರ್ಷ ಜನರ ಮುಂದೆ ಬರಲಿ.

ಇದನ್ನು ಕೇಳುವ ಅಧಿಕಾರ ಜೈನ ಸಮಾಜಕ್ಕಿದೆಯೇ? ಉಪಗ್ರಹಕ್ಕಾದರೂ ಒಂದು ಪ್ರಯೋಜನವುಂಟು. ಪಂಚಕಲ್ಯಾಣದ ಮೆರವಣಿಗೆಯಲ್ಲಿ ಸುಡುವ ಬಾಣಬಿರುಸಿಗೆ ಯಾವ ಪ್ರಯೋಜನ? ನೀರನ್ನು ಸೋಸಿ ಕುಡಿಯುವವರು ರಾತ್ರಿ ಮರದ ಮೇಲಿನ ಗೂಡುಗಳನ್ನು ನಡುಗಿಸುವುದು ಶುದ್ಧ ಅನರ್ಥದಂಡ. ಹುಕ್ಕೇರಿಯಲ್ಲಾಗಲಿ ಗೋಕಾಕದಲ್ಲಾಗಲಿ, ಈ ರೂಢಿ ಎಲ್ಲಿದೆಯೋ ಅಲ್ಲಿನ ಬಸದಿಯ ಟ್ರಸ್ಟು ಮೊದಲು ಆ ಬಾಬನ್ನು ಅಂದಾಜುಪಟ್ಟಿಯಿಂದ ಹೊಡೆದುಹಾಕಲಿ. ಅನಂತರ ಸರೋವರದ ಪರವಾಗಿ ಆಡುವ ಮಾತಿಗೆ ತೂಕ ಬಂದೀತು.