ಕಲ್ಲು ನಮ್ಮದು, ಅಕ್ಷರ ನಮ್ಮದು, ಓದುವವರು ಮಾತ್ರ ಯಾರೂ ಇಲ್ಲ!

ಹೋದ ಜಾತ್ರೆಯ ಹೊತ್ತಿಗೆ ಆಳಂದದ ನನ್ನ ಪ್ರೆಸ್ಸಿಗೆ ಒಂದು ಹಳ್ಳಿಯ ಗುಡಿ ಸಮಿತಿಯವರು ಬಂದಿದ್ದರು. ಕರಪತ್ರ ಹಾಕಿಸಬೇಕಿತ್ತು. ಅವರಲ್ಲೊಬ್ಬ ಹುಡುಗ ಮೊಬೈಲ್ ತೆಗೆದು ಫೋಟೋ ತೋರಿಸಿದ. ಗುಡಿ ಬಾಗಿಲ ಮಗ್ಗುಲಿಗೆ ನಿಂತ ಕರಿಕಲ್ಲು. ಮೇಲೆ ಸೂರ್ಯ ಚಂದ್ರ, ನಡುವೆ ಲಿಂಗ, ಆಕಳು ಕರು. ಕೆಳಗೆ ಸಾಲುಸಾಲು ಬರಹ.

"ಮಾಲಕರ, ಇದರಾಗ ಏನ್ ಬರದಾರ ಓದಿ ಹೇಳ್ರಿ, ಕರಪತ್ರದಾಗ ಹಾಕಮು" ಅಂದ.

"ಅದು ತೆಲುಗು ಅದ ಬಿಡು" ಅಂದ ಇನ್ನೊಬ್ಬ.

"ತೆಲುಗೂ ಅಲ್ಲ ಏನೂ ಅಲ್ಲ, ನಿಧಿ ಎಲ್ಲಿ ಹೂಳ್ಯಾರಂತ ಬರದಾರ" ಅಂದ ಮೂರನೆಯವ.

ನಾನು ಕನ್ನಡಕ ಏರಿಸಿ ನೋಡಿದೆ. ಅಪ್ಪನ ಕಾಲದ ಟ್ರೆಡಲ್ ಮಶೀನಿನ ಮುಂದೆ ನಿಂತು, ಸೀಸದ ಮೊಳೆ ಜೋಡಿಸುತ್ತ ಬೆಳೆದವನು ನಾನು. ಕನ್ನಡ ಅಕ್ಷರವನ್ನು ತಲೆಕೆಳಗಾಗಿ, ಉಲ್ಟಾ, ಹೇಗಿಟ್ಟರೂ ಓದಬಲ್ಲೆ. ಆದರೆ ಆ ಕಲ್ಲಿನ ಮುಂದೆ 'ಶ್ರೀ' ಬಿಟ್ಟರೆ ಮತ್ತೊಂದು ಅಕ್ಷರ ಗುರುತು ಸಿಗಲಿಲ್ಲ. ಅದು ತೆಲುಗೂ ಅಲ್ಲ, ನಿಧಿಯ ಗುಟ್ಟೂ ಅಲ್ಲ. ಅಪ್ಪಟ ಕನ್ನಡ! ನಮ್ಮ ಪೂರ್ವಜರ ಕನ್ನಡ! ಕೊನೆಗೆ ಕರಪತ್ರದಲ್ಲಿ 'ಪುರಾತನ ಕಾಲದ ದೇವಸ್ಥಾನ' ಅಂತ ಹಾಕಿ ಕೈತೊಳೆದುಕೊಂಡೆ. ಆ ಮೂರು ಪದ ನಮ್ಮೆಲ್ಲರ ಅಜ್ಞಾನದ ರಸೀದಿ.

ಬಂಧುಗಳೇ, ಅಂದಿನಿಂದ ಸಿಕ್ಕಿದ್ದನ್ನು ಓದತೊಡಗಿದೆ. ಓದುತ್ತ ಓದುತ್ತ ಗ್ರೀಸ್ ದೇಶಕ್ಕೆ ಹೋಗಿ ಮುಟ್ಟಿದೆ. ನಗಬೇಡಿ. ಅಕ್ಷರ ಮರೆತ ಜನರ ಗತಿ ಏನಾಗುತ್ತದೆ ಅಂತ ತಿಳಿಯಬೇಕಾದರೆ ಗ್ರೀಕರನ್ನೇ ಕೇಳಬೇಕು.

ಮೂರು ಸಾವಿರಕ್ಕೂ ಹೆಚ್ಚು ವರ್ಷದ ಹಿಂದೆ ಗ್ರೀಕರಿಗೆ ಒಂದು ಲಿಪಿ ಇತ್ತು. ಅರಮನೆಯ ಗುಮಾಸ್ತರು ಮಣ್ಣಿನ ಹಲಗೆಯ ಮೇಲೆ ಎಣ್ಣೆ, ಉಣ್ಣೆ, ಕುರಿ ಲೆಕ್ಕ ಬರೆಯುತ್ತಿದ್ದರು. ಊರ ಜನರಿಗೆ ಅದು ಬರುತ್ತಿರಲಿಲ್ಲ. ಕ್ರಿ.ಪೂ. 1200ರ ಸುಮಾರಿಗೆ ಅರಮನೆಗಳು ಸುಟ್ಟುಹೋದವು, ಗುಮಾಸ್ತರ ಜೊತೆ ಲಿಪಿಯೂ ಸತ್ತಿತು. ಮುಂದೆ ನೂರಾರು ವರ್ಷ ಆ ನಾಡಿನಲ್ಲಿ ಬರವಣಿಗೆಯೇ ಇಲ್ಲ! ಆಮೇಲೆ ಫಿನೀಷಿಯದ ವ್ಯಾಪಾರಿಗಳಿಂದ ಹೊಸದಾಗಿ ಅಕ್ಷರ ಸಾಲ ತಂದರು. ಇಂಗ್ಲಿಷಿನ ದೊಡ್ಡ 'ಎ' ಅಕ್ಷರವನ್ನು ತಲೆಕೆಳಗು ಮಾಡಿ ನೋಡಿರಿ, ಎತ್ತಿನ ತಲೆ ಮತ್ತು ಕೋಡು ಕಾಣುತ್ತದೆ. ಫಿನೀಷಿಯದವರ ಮೊದಲ ಅಕ್ಷರದ ಹೆಸರಿಗೇ ಎತ್ತು ಅಂತ ಅರ್ಥ. ಅವರ ಲಿಪಿಯಲ್ಲಿ ಸ್ವರಗಳಿರಲಿಲ್ಲ, ಬೇಡವಾದ ಅಕ್ಷರಗಳನ್ನೇ ಗ್ರೀಕರು ಸ್ವರ ಮಾಡಿಕೊಂಡರು. ಮೊದಮೊದಲು ಬಲದಿಂದ ಎಡಕ್ಕೆ ಬರೆದರು. ಕೆಲ ಕಾಲ ಒಂದು ಸಾಲು ಆ ಕಡೆಯಿಂದ, ಮರುಸಾಲು ಈ ಕಡೆಯಿಂದ ಬರೆದರು. ಹೊಲ ಊಳುವ ಎತ್ತು ಕೊನೆಗೆ ಹೋಗಿ ತಿರುಗುತ್ತದಲ್ಲ, ಹಾಗೆ. ಅದರ ಗ್ರೀಕ್ ಹೆಸರೂ ಎತ್ತು ತಿರುಗುವುದು ಅಂತಲೇ! ಊರಿಗೊಂದು ಬಗೆಯ ಅಕ್ಷರ ಇತ್ತು. ಕ್ರಿ.ಪೂ. 403ರಲ್ಲಿ ಅಥೆನ್ಸ್ ನಗರ ಠರಾವು ಮಾಡಿ ಅಯೋನಿಯದ ಅಕ್ಷರಮಾಲೆಯನ್ನು ಒಪ್ಪಿಕೊಂಡಿತು.

ಇದೆಲ್ಲ ಹೇಗೆ ಗೊತ್ತಾಯಿತು? ಒಡೆದ ಕಲ್ಲಿನಿಂದ, ಮಡಕೆಯ ಚೂರಿನಿಂದ. 1815ರಲ್ಲೇ ಜರ್ಮನಿಯ ಬರ್ಲಿನ್ ಅಕಾಡೆಮಿ ಗ್ರೀಕ್ ಶಾಸನಗಳನ್ನೆಲ್ಲ ಒಟ್ಟುಗೂಡಿಸುವ ಕೆಲಸ ಹಿಡಿಯಿತು, ಆ ಕೆಲಸ ಇಂದಿಗೂ ನಿಂತಿಲ್ಲ. ಮೊದಲು ಹೇಳಿದ ಆ ಸತ್ತ ಲಿಪಿಯನ್ನು 1952ರಲ್ಲಿ ಓದಿದ ಮೈಕೇಲ್ ವೆಂಟ್ರಿಸ್ ಪ್ರೊಫೆಸರ್ ಅಲ್ಲ, ಮನೆ ನಕ್ಷೆ ಬರೆಯುವ ಆರ್ಕಿಟೆಕ್ಟ್. ಪಿಯುಸಿಗೇ ಓದು ನಿಲ್ಲಿಸಿದ ನನ್ನಂಥವನಿಗೆ ಈ ಮಾತು ಓದಿ ಎದೆ ಉಬ್ಬಿತು.

ಈಗ ನಮ್ಮ ಭೀಮೆಯ ದಂಡೆಗೆ ಬನ್ನಿ. ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ 1980ರ ದಶಕದಲ್ಲಿ ಕಾಳಿಯ ಗುಡಿ ಕುಸಿಯಿತು. ಮೂರ್ತಿಯ ಪೀಠವಾಗಿದ್ದ ಚಪ್ಪಡಿ ನೋಡಿದರೆ ಸಾಮ್ರಾಟ ಅಶೋಕನ ಶಾಸನ! ಮೂರ್ತಿ ನಿಲ್ಲಿಸಲು ಅಕ್ಷರಗಳ ನಡುವೆಯೇ ಚೌಕ ತೂತು ಕೊರೆದಿದ್ದರು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ನಮ್ಮ ಕನ್ನಡ ಅಕ್ಷರದ ಬೇರೂ ಅದೇ. ಲೆಕ್ಕದಲ್ಲಿ ಕೂಡಿಸುವ ಗುರುತು ಹಾಕುತ್ತೀರಲ್ಲ, ಬ್ರಾಹ್ಮಿಯಲ್ಲಿ ಅದೇ 'ಕ'. ಬರೀ ಒಂದು ಸೊನ್ನೆ ಬರೆದರೆ 'ಠ'. ಇವತ್ತಿಗೂ ನಮ್ಮ 'ಠ' ಆ ಗುಂಡಗಿನ ಮೈ ಬಿಟ್ಟಿಲ್ಲ ನೋಡಿರಿ! ಕದಂಬರು, ಬಾದಾಮಿ ಚಾಲುಕ್ಯರು, ನಮ್ಮ ಮಳಖೇಡದ ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು, ಹೀಗೆ ಕೈಯಿಂದ ಕೈಗೆ ಬರುತ್ತ ಅಕ್ಷರ ದುಂಡಗಾಯಿತು. 'ೞ' ಎಂಬ ಅಕ್ಷರ ನಡುವೆ ಉದುರಿತು, 'ಱ' ಆಮೇಲೆ ಹೋಯಿತು. ನಮ್ಮ ಪ್ರೆಸ್ಸಿನ ಮೊಳೆ ಖಾನೆಗಳಲ್ಲಿ ಇವೆರಡಕ್ಕೂ ಜಾಗವೇ ಇರಲಿಲ್ಲ.

ಹಳೆ ಮೈಸೂರಿನ ಭಾಗ್ಯ ಬೇರೆ. 1886ರಿಂದಲೇ ಬಿ.ಎಲ್. ರೈಸ್ ಸಾಹೇಬ 'ಎಪಿಗ್ರಾಫಿಯಾ ಕರ್ನಾಟಿಕಾ' ತಂದ, ಸುಮಾರು 9 ಸಾವಿರ ಶಾಸನ ಅಚ್ಚಾದವು. ನಾವು ನಿಜಾಮನ ಕೆಳಗಿದ್ದೆವು, ಶಾಲೆ ಕಚೇರಿ ಎಲ್ಲ ಉರ್ದು. ಹಾಗಿದ್ದರೂ ಸತ್ಯ ಹೇಳಬೇಕು: 1915ರಲ್ಲಿ ಸಿಕ್ಕ ಮಸ್ಕಿಯ ಅಶೋಕ ಶಾಸನವನ್ನು ತನ್ನ ಗ್ರಂಥಮಾಲೆಯ ಮೊದಲ ಪುಸ್ತಕವಾಗಿ ಅಚ್ಚು ಹಾಕಿಸಿದ್ದು ನಿಜಾಮನ ಪ್ರಾಚ್ಯವಸ್ತು ಇಲಾಖೆಯೇ! ಹೈದರಾಬಾದ್ ರಾಜ್ಯದ ಕನ್ನಡ ಜಿಲ್ಲೆಗಳ ಶಾಸನಗಳನ್ನು ಪಿ.ಬಿ. ದೇಸಾಯಿಯವರು ಸಂಪಾದಿಸಿದ ಗ್ರಂಥ 1958ರಲ್ಲಿ ಬಂದದ್ದೂ ಹೈದರಾಬಾದಿನಿಂದಲೇ. ಉರ್ದು ದೊರೆಗೆ ಇದ್ದ ಕಾಳಜಿ ಕನ್ನಡ ದೊರೆಗಳಿಗೆ ಏಕಿಲ್ಲ?

2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಸ್ಥಾನ ಸಿಕ್ಕಿತು. ಸಾವಿರದ ಐನೂರು ವರ್ಷದ ಸಾಕ್ಷಿ ಹೇಳಿದ್ದು ಯಾರು? ಮಂತ್ರಿಗಳಲ್ಲ, ಹಲ್ಮಿಡಿಯಂಥ ಕಲ್ಲುಗಳು! ಶಾಸ್ತ್ರೀಯ ಕನ್ನಡದ ಕೇಂದ್ರ ಮಾತ್ರ ಮೈಸೂರಿಗೆ. ಕೇಂದ್ರ ಪುರಾತತ್ವ ಇಲಾಖೆಯ ಶಾಸನ ವಿಭಾಗವೂ ಮೈಸೂರಿನಲ್ಲೇ. 2019ರಲ್ಲಿ ನಮ್ಮ ಭಾಗಕ್ಕೆ 'ಕಲ್ಯಾಣ ಕರ್ನಾಟಕ' ಅಂತ ಹೆಸರಿಟ್ಟರು. ಬೋರ್ಡು ಬರೆಸಿದರು, ಲೆಟರ್‌ಹೆಡ್ ಹಾಕಿಸಿದರು, ನಮ್ಮ ಪ್ರೆಸ್ಸಿನವರಿಗೂ ನಾಲ್ಕು ಕಾಸು ಬಂತು, ಸುಳ್ಳೇಕೆ ಹೇಳಲಿ. ಆದರೆ ಆ ಕಲ್ಯಾಣದ ಅರಸರು ಕೆತ್ತಿಸಿದ ಕಲ್ಲು ಇವತ್ತೂ ಬಟ್ಟೆ ಒಗೆಯುವ ಬಂಡೆ, ದನ ಕಟ್ಟುವ ಗೂಟ! ಪುಣ್ಯವಿದ್ದರೆ ಗುಡಿಯ ಗೋಡೆಯಲ್ಲಿ, ಅಲ್ಲೂ ಮೇಲೆ ಬೆಳ್ಳಿ ಬಣ್ಣ ಬಳಿದಿರುತ್ತಾರೆ. ನಿಧಿಗಳ್ಳರು ಒಡೆದವು ಎಷ್ಟೋ.

ಹಳ್ಳಿಯವರನ್ನು ಬೈದು ಪ್ರಯೋಜನವಿಲ್ಲ. ಎಣ್ಣೆ ಹಚ್ಚಿ, ಕುಂಕುಮ ಇಟ್ಟು ಇಷ್ಟು ದಿನ ಕಾಪಾಡಿದವರು ಅವರೇ. ಓದಲು ಕಲಿಸದವರನ್ನು ಕೇಳಬೇಕು. ನಮ್ಮ ಮಕ್ಕಳಿಗೆ ಹಲ್ಮಿಡಿಯ ಹೆಸರು ಬಾಯಿಪಾಠ, ಪರೀಕ್ಷೆಯಲ್ಲಿ ಒಂದು ಮಾರ್ಕು. ಅದರ ಒಂದು ಅಕ್ಷರ ಬರೆದು ತೋರಿಸಿ ಅಂದರೆ ಪಿಳಿಪಿಳಿ ನೋಡುತ್ತಾರೆ.

ಶಾಸನವೆಂದರೆ ಬರೀ ಹಳೆ ಕಲ್ಲಲ್ಲ, ಅದು ನಮ್ಮ ಪಹಣಿ! ಯಾವ ಹೊಲ ಯಾರಿಗೆ ಕೊಟ್ಟರು, ಎಷ್ಟು ಮತ್ತರು, ಎಷ್ಟು ಗದ್ಯಾಣ, ಗಡಿ ಎಲ್ಲಿ, ಎಲ್ಲ ಅದರಲ್ಲಿದೆ. ನಮ್ಮ ಆಳಂದವೇ ಆ ಕಲ್ಲುಗಳಲ್ಲಿ 'ಅಳಂದೆ ಸಾಸಿರ'. ಪಕ್ಕದ ಅಕ್ಕಲಕೋಟ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ವರದಿ 1967ರಲ್ಲೇ ಹೇಳಿತು. ಆ ಸೀಮೆಯಲ್ಲೂ ಸೊಲ್ಲಾಪುರದಲ್ಲೂ ಕನ್ನಡ ಶಾಸನಗಳು ನಿಂತಿವೆ. ಗಡಿ ಗಡಿ ಎಂದು ಗಂಟಲು ಹರಿದುಕೊಳ್ಳುವ ನಾವು, ನಮ್ಮ ದಾಖಲೆಯನ್ನು ನಾವೇ ಓದಲಾರದೆ ಯಾರ ಮುಂದೆ ವಾದ ಮಾಡುವುದು?

ಕೇಳುವುದು ಹೆಚ್ಚೇನಲ್ಲ. ಆಳಂದ, ಅಫಜಲಪುರ, ಜೇವರ್ಗಿಗೆ ಒಂದೊಂದು ಶಾಸನ ಮಂಟಪ ಕಟ್ಟಿ, ಬಯಲಲ್ಲಿ ಬಿದ್ದ ಕಲ್ಲು ತಂದಿಡಿ. ಪ್ರತಿ ತಾಲೂಕಿಗೆ ಹಳೆಗನ್ನಡ ಲಿಪಿ ಬಲ್ಲ ಒಬ್ಬ ನೌಕರ ಬೇಕು. ಹೈಸ್ಕೂಲಿನ ಗೋಡೆಗೆ ಬ್ರಾಹ್ಮಿಯಿಂದ ಇಂದಿನವರೆಗೆ ಅಕ್ಷರ ಬೆಳೆದ ಪಟ ಬೇಕು. ಸಾವಿರಾರು ಕೋಟಿಯ ಮಾತಾಡುವ ಪ್ರದೇಶಾಭಿವೃದ್ಧಿ ಮಂಡಳಿಗೆ ಇದು ಚಹಾದ ಖರ್ಚು. ಕಡಗಂಚಿಯಲ್ಲಿ 2009ರಿಂದ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಅಲ್ಲಿನ ವಿದ್ವಾಂಸರು ರಜೆಯಲ್ಲಿ ನಮ್ಮ ಹುಡುಗರಿಗೆ ಹತ್ತು ದಿನ ಲಿಪಿ ಹೇಳಿಕೊಡಲಿ, ಪಾಠದ ಪುಸ್ತಕ ನಾನು ಪುಕ್ಕಟೆ ಅಚ್ಚು ಹಾಕಿಕೊಡುತ್ತೇನೆ.

ಶಾಸನದ ಪಡಿಯಚ್ಚು ತೆಗೆಯುವುದೂ ನಮ್ಮ ಕಸುಬಿನಂಥದ್ದೇ. ಒದ್ದೆ ಕಾಗದ ಕಲ್ಲಿಗೆ ಹೊಂದಿಸಿ, ಬ್ರಷ್ಷಿನಿಂದ ಬಡಿದು, ಮೇಲೆ ಮಸಿಯ ಗುಬ್ಬಿ ಒತ್ತಿದರೆ ಅಕ್ಷರ ಬೆಳ್ಳಗೆ ನಿಲ್ಲುತ್ತವೆ. ಅದನ್ನು ಬಲ್ಲವರೇ ಮಾಡಲಿ. ನೀವು ಮಾಡಬೇಕಾದ್ದು ಇಷ್ಟು: ನಿಮ್ಮೂರ ಕಲ್ಲಿಗೆ ಪೇಂಟ್ ಬಳಿಯಬೇಡಿ, ತಂತಿ ಬ್ರಷ್ಷಿನಿಂದ ತಿಕ್ಕಬೇಡಿ, ಆ್ಯಸಿಡ್ ಹಾಕಬೇಡಿ. ಬರೀ ನೀರಲ್ಲಿ ಒರೆಸಿ, ಮುಂಜಾನೆಯ ಓರೆ ಬಿಸಿಲಲ್ಲಿ ಮಗ್ಗುಲಿನಿಂದ ಬೆಳಕು ಬೀಳುವಾಗ ಫೋಟೋ ತೆಗೆಯಿರಿ. ಊರು, ಗುಡಿ, ಕಲ್ಲು ನಿಂತ ಜಾಗ ಬರೆದು ಪ್ರೆಸ್ಸಿಗೆ ತಂದುಕೊಡಿ. ಆ ಜಾತ್ರೆ ಕರಪತ್ರದ ಕಲ್ಲಿನ ಫೋಟೋ ಮೊದಲನೆಯದಾಗಿ ನನ್ನ ಕಪಾಟಿನಲ್ಲಿದೆ. ಅದರಲ್ಲಿ ಏಳು ಅಕ್ಷರ ಈಗ ಓದಬಲ್ಲೆ.